ಶೀತಕಾಲದ ತೀರಪಕ್ಷಿಗಳು ಮತ್ತು ಛಾಯಾಗ್ರಹಣ

ಛಾಯಾಚಿತ್ರವನ್ನು ತೆಗೆಯುವವನಿಗೂ ಅವನ ವಸ್ತುವಿಗೂ ಇರುವ ಸಂಬಂಧವು ಎಲ್ಲೆಡೆಯಲ್ಲಿಯೂ ಒಂದೇ ಬಗೆಯದಲ್ಲ. ಶಿಲಾಪ್ರತಿಮೆಯನ್ನು ಚಿತ್ರಿಸುವವನು ಒಳ್ಳೆಯ ಬೆಳಕಿಗಾಗಿ ಕಾದರೆ ಸಾಕು. ಪ್ರತಿಮೆಯು ಅವನನ್ನು ಲಕ್ಷಿಸದು. ಮನುಷ್ಯನನ್ನು ಚಿತ್ರಿಸುವವನು ಆತನ ಸಮ್ಮತಿಯನ್ನು ಬೇಡಬಹುದು. ಕಡಲತಡಿಯ ಹಕ್ಕಿಯ ವಿಷಯ ಹಾಗಲ್ಲ. ಅದು ಸಮ್ಮತಿಯನ್ನು ಕೊಡಲಾರದು. ಆದರೂ ತನ್ನನ್ನು ನೋಡಲು ಬರುತ್ತಿರುವವನನ್ನು ಅದು ಮೊದಲೇ ನೋಡಿರುತ್ತದೆ. ಅದು ಚಿತ್ರದಲ್ಲಿ ಹೇಗೆ ಕಾಣುವುದೆಂಬುದು ಯಂತ್ರದ ಬೆಲೆಯನ್ನು ಅವಲಂಬಿಸಿರುವುದಕ್ಕಿಂತ ಹೆಚ್ಚಾಗಿ ಆ ನೋಟಕ್ಕೆ ಅದು ಕೊಟ್ಟ ಉತ್ತರವನ್ನು ಅವಲಂಬಿಸಿದೆ. ಚಳಿಗಾಲದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯವಾಗುವ ಬಗೆಯನ್ನೂ, ಅದನ್ನರಿತು ಚಿತ್ರಗಳನ್ನು ಉತ್ತಮಪಡಿಸಿಕೊಳ್ಳುವ ಕ್ರಮವನ್ನೂ ಇಲ್ಲಿ ವಿವರಿಸಲು ಯತ್ನಿಸಿದೆ. ನಿದರ್ಶನಕ್ಕಾಗಿ ಇಂಗ್ಲೆಂಡಿನ ಪೂರ್ವತೀರದಲ್ಲಿರುವ ವಾಷ್ ಎಂಬ ಕೊಲ್ಲಿಯನ್ನೂ, ಪಶ್ಚಿಮದಲ್ಲಿ ಇಂಗ್ಲೆಂಡಿಗೂ ವೇಲ್ಸಿಗೂ ನಡುವೆ ಕಡಲು ಸೇರುವ ಡೀ ನದಿಯ ಅಳಿವೆಯನ್ನೂ ಆರಿಸಿಕೊಂಡಿದ್ದೇವೆ. ಪಕ್ಷಿಛಾಯಾಗ್ರಹಣದ ಮೊದಲ ದಿನಗಳ ಇತಿಹಾಸವು ಬಹುಮಟ್ಟಿಗೆ ಆ ದೇಶಕ್ಕೆ ಸೇರಿದುದು. ಅಲ್ಲಿಯ ಚಳಿಯೂ ನಿಜವಾದ ಚಳಿ.

ತೀರಪಕ್ಷಿಗಳೆಂದರೆ ಕಡಲಂಚಿನಲ್ಲಿ ಕಾಣುವ ಹಕ್ಕಿಗಳೆಲ್ಲವೂ ಅಲ್ಲ. ಕಡಲಕ್ಕಿ, ಬೆಳ್ಳಕ್ಕಿಗಳನ್ನು ಇಲ್ಲಿ ಸೇರಿಸತಕ್ಕದ್ದಲ್ಲ. ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಮರಳಿನಲ್ಲಿಯೂ ಕೆಸರಿನಲ್ಲಿಯೂ ಕೊಕ್ಕನ್ನು ಊರಿ ಹುಳು, ಚಿಪ್ಪಿನ ಜೀವಿ, ಸೀಗಡಿಯ ಜಾತಿಯ ಸಣ್ಣ ಪ್ರಾಣಿ ಇವುಗಳನ್ನು ಹೆಕ್ಕಿ ತಿನ್ನುವ ಗೊರವ, ಟಿಟ್ಟಿಭ ಮೊದಲಾದ ಕುಲಗಳಿಗೆ ಈ ಹೆಸರು ಸಲ್ಲುತ್ತದೆ. ಗೊರವವೆಂಬ ನಮ್ಮ ಒಂದೇ ಮಾತು ಇವುಗಳಲ್ಲಿ ಹಲವು ಜಾತಿಗಳಿಗೆ ಸಾಧಾರಣವಾಗಿರುವುದರಿಂದ, ಬೇರ್ಪಡಿಸಿ ಹೇಳಬೇಕಾದಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಉಳಿಸಿಕೊಂಡಿದೆ. ವಾಷಿನಲ್ಲಿ ಚಳಿಗಾಲವನ್ನು ಕಳೆಯುವ ಹಕ್ಕಿಗಳಲ್ಲಿ ನಾಟ್ ಎಂಬುದು ಪ್ರಸಿದ್ಧವಾದುದು. ಗ್ರೀನ್‌ಲೆಂಡಿನಲ್ಲಿಯೂ ಕೆನಡಾದ ಉತ್ತರಧ್ರುವಪ್ರದೇಶದಲ್ಲಿಯೂ ಮರಿಮಾಡುವ ಈ ಹಕ್ಕಿ ಬೇಸಿಗೆಯಲ್ಲಿ ಇಟ್ಟಿಗೆಯ ಕೆಂಪು, ಚಳಿಗಾಲದಲ್ಲಿ ಬರಿಯ ಬೂದಿ. ಲಿನ್ನೇಯಸನು ೧೭೫೮ರಲ್ಲಿ ಇದಕ್ಕೆ ಕೆನೂಟ್ ದೊರೆಯ ಹೆಸರನ್ನು ನೆನಪಿಗೆ ತರುವ 'ಕನೂಟಸ್' ಎಂಬ ಶಾಸ್ತ್ರೀಯನಾಮವನ್ನಿಟ್ಟನು. ಏರಿ ಬರುತ್ತಿದ್ದ ಉಬ್ಬರಕ್ಕೆ ನಿಲ್ಲೆಂದು ಆಜ್ಞಾಪಿಸಿದನೆಂಬ ಕಥೆಯುಳ್ಳ ದೊರೆ ಆತ. ಪಂಚತಂತ್ರದಲ್ಲಿ ತನ್ನ ಮೊಟ್ಟೆಗಳನ್ನು ಒಯ್ದ ಸಮುದ್ರದ ಮೇಲೆ ಹಗೆಸಾಧಿಸಲು ಹೊರಟ ಟಿಟ್ಟಿಭದ ಕಥೆಯನ್ನು ನಮ್ಮ ವಾಚಕರು ಬಲ್ಲರು. ಎರಡು ಕಥೆಗಳಲ್ಲಿಯೂ ನೀರಿನ ಅಂಚೇ ರಂಗಸ್ಥಳ. ಛಾಯಾಗ್ರಾಹಕನಿಗೂ ಅದೇ ರಂಗಸ್ಥಳವೆಂಬುದನ್ನು ಮುಂದೆ ಕಾಣಬಹುದು.

ಈ ಕಲೆಯ ಆರಂಭದಲ್ಲಿ ಚಳಿಗಾಲದ ಹಕ್ಕಿಯನ್ನು ಚಿತ್ರಿಸುವುದು ಸಾಧ್ಯವೇ ಇರಲಿಲ್ಲವೆನ್ನಬಹುದು. ಗಾಜಿನ ಫಲಕಗಳು ಬೆಳಕನ್ನು ನಿಧಾನವಾಗಿ ಹೀರುತ್ತಿದ್ದುವು. ಚಲಿಸುವ ವಸ್ತು ಬರಿಯ ಕಲೆಯಾಗಿ ಮೂಡುತ್ತಿತ್ತು. ಆದಕಾರಣ ಮೊದಲಿನವರೆಲ್ಲ ಗೂಡನ್ನು ಹುಡುಕಿಕೊಂಡು ಹೋದರು. ರೆಜಿನಾಲ್ಡ್ ಲಾಡ್ಜನು ೧೮೯೫ರಲ್ಲಿ ಕೀರ್ತಿಯನ್ನು ಪಡೆದದ್ದು ಕಾವು ಕೂತ ಲ್ಯಾಪ್‌ವಿಂಗ್ ಹಕ್ಕಿಯ ಚಿತ್ರದಿಂದ. ಅದು ನಮ್ಮ ಟಿಟ್ಟಿಭದ ಹತ್ತಿರದ ಬಂಧು. ಅದೇ ವರ್ಷದಲ್ಲಿ ಕೇರ್ಟನ್ ಸಹೋದರರ ಗೂಡುಗಳ ಗ್ರಂಥವು ಛಾಯಾಚಿತ್ರಗಳೊಡನೆ ಪ್ರಕಟವಾಯಿತು. ಮುಂದೆ ಅವರು ಎತ್ತಿನ ಚರ್ಮವನ್ನು ಹೊದಿಸಿದ ಪೊಳ್ಳಾದ ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ನಿಂತು ಚಿತ್ರಗಳನ್ನು ತೆಗೆದದ್ದು ಪ್ರಸಿದ್ಧವಾಗಿದೆ. ಗೂಡಿಗೆ ಕಟ್ಟುಬಿದ್ದ ಹಕ್ಕಿ ಹೆದರಿದರೂ ಮರಳಿ ಬರುತ್ತದೆ; ಕೆಲವು ವೇಳೆ ಮೇಲೆ ಬೀಳುವುದೂ ಉಂಟು. ಎರಿಕ್ ಹೋಸ್ಕಿಂಗನು ೧೯೩೭ರಲ್ಲಿ ಗೂಬೆಯೊಂದರ ಉಗುರಿಗೆ ತನ್ನ ಕಣ್ಣೊಂದನ್ನು ತೆತ್ತನು. ಚಳಿಗಾಲದ ತೀರಪಕ್ಷಿಗೆ ಇಂಥ ಕಟ್ಟಿಲ್ಲ. ಅದಕ್ಕೆ ಅಲ್ಲಿ ಗೂಡಿಲ್ಲ, ಮರಿಯಿಲ್ಲ. ಇಷ್ಟವಿಲ್ಲದಿದ್ದರೆ ಎದ್ದು ಹೋಗುವುದು. ಹೋಸ್ಕಿಂಗನು ಡೀ ಅಳಿವೆಯ ಹಿಲ್ಬರ್ ದ್ವೀಪದಲ್ಲಿ ಮರೆಯನ್ನು ಕಟ್ಟಿಕೊಂಡು, ಉಬ್ಬರದ ನೀರು ಹಿಂಡುಗಳನ್ನು ತಾನಾಗಿಯೇ ಬಂಡೆಗಳ ಮೇಲೆ ತಂದು ನಿಲ್ಲಿಸುವವರೆಗೆ ಕಾಯುತ್ತಿದ್ದನು. ಹಕ್ಕಿಯ ಬಳಿಗೆ ಹೋಗುವುದಲ್ಲ, ಹಕ್ಕಿ ಬರುವ ಎಡೆಯಲ್ಲಿ ಮೊದಲೇ ಇರುವುದು: ಇಂದಿಗೂ ಇದಕ್ಕಿಂತ ಮೇಲಾದ ಉಪಾಯವು ದೊರೆತಿಲ್ಲ.

ಹಕ್ಕಿ ಎದ್ದು ಹೋದರೆ ಹೋಗಲಿ, ಮತ್ತೊಂದೆಡೆ ಇಳಿಯುವುದಲ್ಲವೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವು ಚಳಿಗಾಲದ ಹಕ್ಕಿಯ ಆಯವ್ಯಯದಲ್ಲಿದೆ. ನಾಟ್ ಹಕ್ಕಿಯ ತೂಕವು ಸುಮಾರು ೧೩೦ ಗ್ರಾಂ. ಸ್ಯಾಂಡರ್ಲಿಂಗ್ ಹಕ್ಕಿಯದು ಅದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ದೇಹವು ಹೆಪ್ಪುಗಟ್ಟುವ ಗಾಳಿಯಲ್ಲಿ ತನ್ನ ಬಿಸಿಯನ್ನು ಉಳಿಸಿಕೊಳ್ಳಬೇಕಾದರೆ ಎಡೆಬಿಡದೆ ತಿನ್ನುತ್ತಿರಬೇಕು. ತಿನ್ನುವುದಕ್ಕಾದರೋ ನೀರು ಇಳಿದ ಹೊತ್ತು ಮಾತ್ರ ಅನುಕೂಲ. ಹಗಲು ಸಾಲದೆ ಅವು ರಾತ್ರಿಯ ಇಳಿತದಲ್ಲಿಯೂ ಮೇಯುತ್ತವೆ. ಚಳಿ ಹೆಚ್ಚಿದಂತೆ ಕೆಸರಿನೊಳಗಿನ ಜೀವಿಗಳು ಜಡವಾಗಿ ಆಳಕ್ಕಿಳಿಯುತ್ತವೆ. ಕಣ್ಣಿನಿಂದ ಬೇಟೆಯನ್ನು ಗುರುತಿಸುವ ರೆಡ್‌ಶ್ಯಾಂಕಿನಂಥ ಹಕ್ಕಿಗೆ ಅವು ಕಾಣುವುದೇ ಇಲ್ಲ. ಹೀಗೆ ವೆಚ್ಚವು ಏರಿದಾಗಲೇ ಆದಾಯವು ಇಳಿಯುತ್ತದೆ. ೧೯೯೧ರ ಫೆಬ್ರವರಿಯ ಕಡುಚಳಿಯಲ್ಲಿ ವಾಷಿನ ದಡಗಳಲ್ಲಿ ಸಾವಿರಾರು ತೀರಪಕ್ಷಿಗಳು ಸತ್ತು ಬಿದ್ದುವು. ರೆಡ್‌ಶ್ಯಾಂಕುಗಳಿಗೆ ತಟ್ಟಿದ ಪೆಟ್ಟು ಬಹಳ ದೊಡ್ಡದು. ಬ್ರಿಟನ್ನಿನಲ್ಲಿ ೧೯೮೧ರ ವನ್ಯಜೀವಿಗಳ ಕಾಯಿದೆಯ ಪ್ರಕಾರ ಕಡುಚಳಿ ಸುಮಾರು ಎರಡು ವಾರ ಎಡೆಬಿಡದೆ ನಿಂತರೆ ಜಲಪಕ್ಷಿಗಳ ಬೇಟೆಯನ್ನು ಸರಕಾರವು ತಡೆಹಿಡಿಯಬಹುದು. ಕೋವಿಯನ್ನು ಹಿಡಿದವನಿಗೆ ಈ ನಿಯಮ. ಕ್ಯಾಮರಾವನ್ನು ಹಿಡಿದವನಿಗೆ ಅಂಥ ಆಜ್ಞೆಯಿಲ್ಲ. ಆದರೆ ಮೇವನ್ನು ಬಿಟ್ಟು ಹಾರಬೇಕಾದ ಹಕ್ಕಿಗೆ ತನ್ನನ್ನು ಎಬ್ಬಿಸಿದ್ದು ಕೋವಿಯೋ ಕ್ಯಾಮರಾವೋ ಎಂಬ ಭೇದವು ತಿಳಿಯದು.

ಮೇವಿನ ಹೊತ್ತಿನಂತೆಯೇ ವಿಶ್ರಾಂತಿಯ ಹೊತ್ತೂ ಮುಖ್ಯವಾದುದು. ಉಬ್ಬರವು ತುಂಬಿದಾಗ ಹಿಂಡುಗಳು ದಡದ ಎತ್ತರದ ತಾಣಗಳಲ್ಲಿ ಒತ್ತೊತ್ತಾಗಿ ನಿಂತು, ಗರಿಗಳನ್ನು ಉಬ್ಬಿಸಿ, ಕೊಕ್ಕನ್ನು ಬೆನ್ನಿನಲ್ಲಿ ಹುದುಗಿಸಿ, ಒಂದು ಕಾಲಿನ ಮೇಲೆ ನಿದ್ರಿಸುತ್ತವೆ. ನೋಡುವವರಿಗೆ ಇದು ಸೋಮಾರಿತನವಾಗಿ ಕಾಣಬಹುದು. ನಿಜವಾಗಿ ಇದು ಶಾಖವನ್ನು ಉಳಿಸುವ ಉದ್ಯೋಗ. ಡೀ ಅಳಿವೆಯ ವೆಸ್ಟ್ ಕರ್ಬಿ ತೀರದಲ್ಲಿ ಜನರೂ ನಾಯಿಗಳೂ ಇಂಥ ತಂಗುದಾಣಗಳ ನಡುವೆ ಓಡಾಡತೊಡಗಿದ ಮೇಲೆ ಅಲ್ಲಿ ತಂಗುತ್ತಿದ್ದ ನಾಟ್ ಮೊದಲಾದವುಗಳ ಸಂಖ್ಯೆ ಬಹಳ ಕುಗ್ಗಿತು. ಆಗ ೧೯೮೬ರಲ್ಲಿ ಸ್ವಯಂಸೇವಕರು ಕಾವಲಿನ ಕೆಲಸವನ್ನು ಕೈಗೊಂಡರು: ಉಬ್ಬರದ ಹೊತ್ತಿಗೆ ದಡದಲ್ಲಿ ನಿಂತು, ಬಂದವರಿಗೆ ವಿಷಯವನ್ನು ತಿಳಿಸಿ ಸುತ್ತಿ ಹೋಗಲು ಕೇಳಿಕೊಳ್ಳುವುದಷ್ಟೇ ಅವರ ಕೆಲಸ. ಮರೆಯಿಲ್ಲದ ಬಯಲಿನಲ್ಲಿ ತಂಗುದಾಣದ ಸಮೀಪಕ್ಕೆ ನಡೆದು ಹೋಗಿ ತೆಗೆದ ಚಿತ್ರವು ಎಷ್ಟೇ ಸೊಗಸಾಗಿರಲಿ, ಅದನ್ನು ನಾವು ಒಳ್ಳೆಯ ಚಿತ್ರವೆಂದು ಎಣಿಸಲಾರೆವು. ಹಾಗೆ ತೆಗೆದವು ಸೊಗಸಾಗಿರುವುದೂ ಅಪೂರ್ವ. ಕೊರಳನ್ನು ನೀಳಮಾಡಿ, ಮೈಗರಿಗಳನ್ನು ಅಡಗಿಸಿ, ಓಡಲು ಸಿದ್ಧವಾಗಿ ನಿಂತ ಹಕ್ಕಿಗಳ ಸಾಲೇ ಅಂಥ ಚಿತ್ರಗಳಲ್ಲೆಲ್ಲ ಕಾಣುವುದು. ಬಲ್ಲವರು ಒಂದು ನೋಟದಲ್ಲಿಯೇ ಇದನ್ನು ಓದಿಬಿಡುತ್ತಾರೆ.

ಹಕ್ಕಿಯ ಅಶಾಂತಿಯನ್ನು ಅರಿಯುವುದು ಈ ಕಲೆಯ ಮೊದಲ ಪಾಠ. ಮೇಯುವುದನ್ನು ನಿಲ್ಲಿಸಿ ತಲೆಯೆತ್ತುವುದು, ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗುವುದು, ರೆಡ್‌ಶ್ಯಾಂಕ್ ತಲೆಯನ್ನು ಮೇಲಕ್ಕೂ ಕೆಳಕ್ಕೂ ಕುಲುಕಿ ಕೂಗುವುದು — ಇವು ಎದ್ದು ಹಾರುವುದಕ್ಕೆ ಮುಂಚಿನ ಮಾತುಗಳು. ಇವುಗಳಲ್ಲಿ ಒಂದು ಕಂಡೊಡನೆ ನಿಲ್ಲಬೇಕು. ಎರಡನೆಯದು ಕಂಡರೆ ಹಿಂದೆ ಸರಿಯಬೇಕು. ಎಲ್ಲ ಜಾತಿಗಳ ಸ್ವಭಾವವೂ ಒಂದೇ ಅಲ್ಲ. ಬಂಡೆಗಳ ಮೇಲೆ ಅಲೆಯ ತುಂತುರಿನಲ್ಲಿ ಮೇಯುವ ಪರ್ಪಲ್ ಸ್ಯಾಂಡ್‌ಪೈಪರ್ ಮನುಷ್ಯನಿಗೆ ಅಷ್ಟಾಗಿ ಬೆದರುವುದಿಲ್ಲ. ಕದಲದೆ ಕುಳಿತವನ ಹತ್ತಿರಕ್ಕೆ ಅದೇ ಬರುವುದುಂಟು. ಹೊಸಬರು ರೆಡ್‌ಶ್ಯಾಂಕಿನ ಬೆನ್ನುಹತ್ತುವುದಕ್ಕೆ ಬದಲು ಇದರ ಬಳಿ ಶಿಷ್ಯವೃತ್ತಿ ಮಾಡುವುದು ಲೇಸು.

ಇನ್ನು ಕಾಲದ ವಿಚಾರ. ಈ ಕೆಲಸದಲ್ಲಿ ಗಡಿಯಾರಕ್ಕಿಂತ ಉಬ್ಬರವಿಳಿತಗಳ ಪಟ್ಟಿ ಮುಖ್ಯ. ಅಮಾವಾಸ್ಯೆ ಹುಣ್ಣಿಮೆಗಳ ಸಮೀಪದ ದೊಡ್ಡ ಉಬ್ಬರದಲ್ಲಿ ವಾಷಿನ ನೀರು ಆರು ಮೀಟರಿಗೂ ಮಿಕ್ಕಿ ಏರುತ್ತದೆ. ಆಗ ಕೆಸರುಬಯಲೆಲ್ಲ ಮುಳುಗುವುದರಿಂದ ಹತ್ತಾರು ಸಾವಿರ ನಾಟ್‌ಗಳು ಹೊಗೆಯ ಸುರುಳಿಯಂತೆ ಎದ್ದು, ಸ್ನೆಟಿಷಾಮಿನಲ್ಲಿರುವ ಪಕ್ಷಿಸಂರಕ್ಷಣ ಸಂಘದ ಆಶ್ರಯತಾಣದ ಹಳೆಯ ಜಲ್ಲಿಗುಂಡಿಗಳ ಕೆರೆಗಳಿಗೆ ಬಂದಿಳಿಯುತ್ತವೆ. ಅಲ್ಲಿ ಮರದ ಮರೆಗಳನ್ನು ಕಟ್ಟಿದ್ದಾರೆ. ಮನುಷ್ಯರು ಅದರೊಳಗಿರುವುದು ಹಕ್ಕಿಗಳಿಗೆ ಅಭ್ಯಾಸವಾಗಿದೆ. ಈ ಹಾರಾಟವನ್ನು ಎಬ್ಬಿಸುವುದು ನೀರೇ ಹೊರತು ಮನುಷ್ಯನಲ್ಲ. ಆದಕಾರಣ ಇದನ್ನು ಚಿತ್ರಿಸುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಇಳಿತಕ್ಕಿಂತ ಏರುವ ನೀರೇ ಛಾಯಾಗ್ರಾಹಕನಿಗೆ ಹೆಚ್ಚು ಅನುಕೂಲ. ಏರುವ ನೀರು ದೂರದಲ್ಲಿ ಚದರಿದ್ದ ಹಕ್ಕಿಗಳನ್ನು ಮೆಲ್ಲಮೆಲ್ಲನೆ ದಡದ ಕಡೆಗೆ ತಳ್ಳುತ್ತದೆ. ಒಂದು ಗಂಟೆ ಮೊದಲೇ ಬಂದು ನೆಲಕ್ಕೊರಗಿದವನ ಮುಂದೆ ಅವು ತಾವಾಗಿಯೇ ಮೇಯುತ್ತ ಬರುವುವು. ಆದರೆ ಎಚ್ಚರಿಕೆಯೊಂದುಂಟು. ಇಂಥ ಬಯಲುಗಳಲ್ಲಿ ನೀರು ಎದುರಿನಿಂದ ಮಾತ್ರ ಬರುವುದಿಲ್ಲ. ಕಾಲುವೆಗಳ ಮೂಲಕ ಬೆನ್ನ ಹಿಂದೆ ಮೊದಲು ತುಂಬಿಕೊಳ್ಳುತ್ತದೆ. ಹಿಲ್ಬರ್ ದ್ವೀಪಕ್ಕೆ ನಡೆದು ಹೋದವರು ಹೊತ್ತನ್ನು ತಪ್ಪಿದರೆ ಹಲವು ಗಂಟೆಗಳ ಕಾಲ ಅಲ್ಲಿಯೇ ಸೆರೆ.

ಬೆಳಕಿನ ವಿಷಯದಲ್ಲಿ ಉತ್ತರದ ಚಳಿಗಾಲವು ಉದಾರವಾದುದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಲೆಕ್ಕವು ಸರಳವಾಗಿದೆ. ಡಿಸೆಂಬರಿನ ಕಡೆಯಲ್ಲಿ ವಾಷಿನ ಅಕ್ಷಾಂಶವಾದ ೫೩ ಡಿಗ್ರಿಯ ಬಳಿ ಸೂರ್ಯನು ನಡುಹಗಲಿನಲ್ಲಿಯೂ ದಿಗಂತದಿಂದ ೧೪ ಡಿಗ್ರಿಗಿಂತ ಮೇಲೇರನು. ಅದೇ ದಿನ ಮಂಗಳೂರಿನಲ್ಲಿ ನಡುಹಗಲಿನ ಸೂರ್ಯನು ಸುಮಾರು ೫೪ ಡಿಗ್ರಿ ಮೇಲಿರುತ್ತಾನೆ. ನಮ್ಮ ಕರಾವಳಿಯಲ್ಲಿ ಬೆಳಗಿನ ಒಂದು ಗಂಟೆ, ಸಂಜೆಯ ಒಂದು ಗಂಟೆ ಮಾತ್ರ ದೊರೆಯುವ ಓರೆಬೆಳಕು ಅಲ್ಲಿ, ಮೋಡವಿಲ್ಲದಿದ್ದರೆ, ದಿನವೆಲ್ಲ ದೊರೆಯುತ್ತದೆ. ದಿನವೇ ಏಳೂವರೆ ಗಂಟೆಯದೆಂಬುದು ಬೇರೆ ಮಾತು. ಓರೆಬೆಳಕು ಹಕ್ಕಿಯ ಹೊಟ್ಟೆಯ ಕೆಳಗೂ ಹೊಕ್ಕು ಕಣ್ಣಿನಲ್ಲಿ ಹೊಳಪಿನ ಬಿಂದುವನ್ನಿಡುತ್ತದೆ. ಚಳಿಗಾಲದ ಉಡುಪಿನಲ್ಲಿರುವ ಬೂದುಹಕ್ಕಿಗೆ ಬಣ್ಣದ ಸಹಾಯವಿಲ್ಲದ್ದರಿಂದ ಗರಿಗರಿಯ ಅಂಚನ್ನು ಎತ್ತಿ ತೋರಿಸುವ ಈ ಬೆಳಕೇ ಅದರ ಅಲಂಕಾರ. ಗಾಳಿಯನ್ನೂ ಇದರೊಡನೆ ಎಣಿಕೆಗೆ ತಂದುಕೊಳ್ಳತಕ್ಕದ್ದು. ಗರಿಗಳು ಕೆದರದಿರಲೆಂದು ಹಕ್ಕಿಗಳು ಗಾಳಿಗೆ ಮುಖವಿಟ್ಟು ನಿಲ್ಲುತ್ತವೆ. ಏಳುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿಯೇ. ಗಾಳಿಯೂ ಬಿಸಿಲೂ ಛಾಯಾಗ್ರಾಹಕನ ಬೆನ್ನ ಕಡೆಯಿಂದ ಬರುತ್ತಿದ್ದರೆ ಹಕ್ಕಿಗಳ ಮುಖವೂ ಬೆಳಕೂ ಒಟ್ಟಿಗೆ ದೊರೆಯುವುವು. ಗಾಳಿ ಎದುರಿನಿಂದ ಬೀಸುವ ದಿನ ಬಾಲಗಳ ಚಿತ್ರಗಳೇ ಹೆಚ್ಚಾಗುವುವು.

ಹಿಮವು ಬಿದ್ದಾಗ ಯಂತ್ರವು ಮೋಸಹೋಗುತ್ತದೆ. ಕ್ಯಾಮರಾದೊಳಗಿನ ಬೆಳಕಿನ ಅಳತೆಗಾರನು ತನ್ನ ಮುಂದಿರುವ ಜಗತ್ತೆಲ್ಲ ಸರಾಸರಿಯಲ್ಲಿ ಮಧ್ಯಮವಾದ ಬೂದುಬಣ್ಣವೆಂದು ನಂಬಿರುತ್ತಾನೆ. ಹಿಮದ ಬಯಲನ್ನು ತೋರಿಸಿದರೆ ಅದನ್ನೂ ಬೂದಿಯಾಗಿ ಮಾಡಲು ಬೆಳಕನ್ನು ಕಡಿಮೆಮಾಡುತ್ತಾನೆ. ಹಕ್ಕಿ ಕಪ್ಪು ಚುಕ್ಕೆಯಾಗುತ್ತದೆ. ಆದುದರಿಂದ ಯಂತ್ರವು ಹೇಳಿದ್ದಕ್ಕಿಂತ ಒಂದರಿಂದ ಎರಡು 'ಸ್ಟಾಪ್'ಗಳಷ್ಟು ಹೆಚ್ಚು ಬೆಳಕನ್ನು ಕೊಡಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು. ಆದರೆ ಸ್ಯಾಂಡರ್ಲಿಂಗಿನಂಥ ಬಿಳಿಯ ಹೊಟ್ಟೆಯ ಹಕ್ಕಿಗೆ ಬಿಸಿಲಿನಲ್ಲಿ ಎರಡು ಸ್ಟಾಪ್ ಅತಿಯಾಗಿ, ಎದೆಯ ಗರಿಗಳು ಕರಗಿ ಬರಿಯ ಬಿಳುಪಾಗಿಬಿಡುವುವು. ಕ್ಯಾಮರಾದ ಹಿಂಬದಿಯಲ್ಲಿ ಬೆಳಕಿನ ಹಂಚಿಕೆಯನ್ನು ತೋರಿಸುವ ರೇಖಾಚಿತ್ರವನ್ನು ನೋಡಿ, ಅದರ ಬಲತುದಿ ಗೋಡೆಗೆ ಒತ್ತದಂತೆ ತಿದ್ದಿಕೊಳ್ಳುವುದು ಕ್ಷೇಮ. ಕಳೆದುಹೋದ ಬಿಳುಪನ್ನು ಯಾವ ತಿದ್ದುಪಡಿಯೂ ಮರಳಿಸಲಾರದು. ನೆರಳಿನಲ್ಲಿ ಅಡಗಿದ್ದನ್ನು ಬಹುಮಟ್ಟಿಗೆ ಎತ್ತಬಹುದು. ನೆರಳಿನ ಹಿಮವು ಆಕಾಶದ ನೀಲಿಯನ್ನು ಹೊತ್ತಿರುತ್ತದೆ. ಅದನ್ನು ಸಂಪೂರ್ಣವಾಗಿ ತೊಳೆದುಬಿಡುವುದು ನಮಗೆ ಒಪ್ಪಿಗೆಯಲ್ಲ. ಚಳಿಯು ಕಣ್ಣಿಗೆ ಕಾಣುವುದು ಆ ನೀಲಿಯಲ್ಲಿಯೇ.

ಚಿತ್ರವು ಒಮ್ಮೆಗೇ ಉತ್ತಮಗೊಳ್ಳಬೇಕಾದರೆ ಕ್ಯಾಮರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಹಿಂದೆ ಕಾಣುವುದು ಅದರ ಕಾಲಬುಡದ ಕೆಸರೇ. ಕಸ, ಕಲ್ಲು, ಪಾಚಿಗಳೆಲ್ಲ ಅದರೊಡನೆ ಸ್ಪಷ್ಟವಾಗಿ ಮೂಡುತ್ತವೆ. ಮಲಗಿ ತೆಗೆದರೆ ಹಿನ್ನೆಲೆಯು ನೂರಾರು ಗಜ ದೂರದ ನೀರೋ ಆಕಾಶವೋ ಆಗಿ ಮಂಜಿನಂತೆ ಕರಗುತ್ತದೆ. ಇದರಲ್ಲಿ ಸೌಂದರ್ಯ ಮಾತ್ರವಲ್ಲ, ಜ್ಞಾನವೂ ಇದೆ. ಸ್ಯಾಂಡರ್ಲಿಂಗಿಗೆ ತನ್ನ ಬಂಧುಗಳಿಗಿರುವಂತೆ ಹಿಂಬೆರಳಿಲ್ಲ. ಅಲೆಯ ಬೆನ್ನಟ್ಟಿ ಓಡುವ ಈ ಹಕ್ಕಿಯ ಆ ಗುರುತು ಮೇಲಿನಿಂದ ನೋಡಿದವನಿಗೆ ತಿಳಿಯುವುದೇ ಇಲ್ಲ. ನೆಲದ ಮಟ್ಟದಿಂದ ತೆಗೆದ ಚಿತ್ರವೊಂದು ಅದನ್ನು ನಿಸ್ಸಂದೇಹವಾಗಿ ತೋರಿಸುತ್ತದೆ. ಮಲಗಿದ ಮನುಷ್ಯನ ಆಕೃತಿಯೂ ಹಕ್ಕಿಗೆ ಅಷ್ಟು ಭಯಾನಕವಲ್ಲವೆಂಬುದು ಇನ್ನೊಂದು ಲಾಭ. ಸ್ಯಾಂಡರ್ಲಿಂಗುಗಳು ಅಲೆಯಂಚಿನಲ್ಲಿ ಒಂದು ದಿಕ್ಕಿಗೆ ಮೇಯುತ್ತ ಸಾಗುವ ರೂಢಿಯುಳ್ಳವು. ದೂರದಿಂದ ಸುತ್ತಿ ಅವುಗಳ ಮುಂದೆ ಹೋಗಿ ಮಲಗಿದರೆ ಅವು ಎದುರಿಗೆ ಬಂದು, ಒಮ್ಮೊಮ್ಮೆ ಮಸೂರದ ಸಮೀಪದಲ್ಲಿಯೇ ಹಾದುಹೋಗುವುವು.

ಚಳಿಯ ಕೆಲವು ಉಪದ್ರವಗಳು ನೇರವಾಗಿ ಯಂತ್ರಕ್ಕೆ ಸಂಬಂಧಿಸಿದವು. ಬೆಚ್ಚನೆಯ ಮೋಟಾರಿನಿಂದ ತೆಗೆದ ದೊಡ್ಡ ಮಸೂರದ ಕೊಳವೆಯೊಳಗಿನ ಬಿಸಿಗಾಳಿಯು ಹೊರಗಿನ ತಣ್ಣನೆಯ ಗಾಳಿಯೊಡನೆ ಬೆರೆಯುವಾಗ ಚಿತ್ರವು ಬಿಸಿಲ್ಗುದುರೆಯಂತೆ ನಡುಗುತ್ತದೆ. ತೆಗೆದವನು ತನ್ನ ಕೈ ಅಲುಗಿತೆಂದೋ ಮಸೂರವು ಕೆಟ್ಟಿತೆಂದೋ ಭಾವಿಸುತ್ತಾನೆ. ಅರ್ಧಗಂಟೆ ಮಸೂರವನ್ನು ಹೊರಗಿಟ್ಟು ತಣಿಸುವುದೇ ಪರಿಹಾರ. ಮೋಟಾರಿನ ಕಿಟಕಿಯಿಂದ ತೆಗೆಯುವವರು ಒಳಗಿನ ಶಾಖಯಂತ್ರವನ್ನು ನಿಲ್ಲಿಸಿ ತಾವೂ ಸ್ವಲ್ಪ ನಡುಗಬೇಕು. ಮರಳಿ ಬೆಚ್ಚನೆಯ ಮನೆಯನ್ನು ಸೇರುವಾಗ ಇದರ ವಿಪರ್ಯಾಸ: ತಣ್ಣನೆಯ ಗಾಜಿನ ಮೇಲೆ ಕೋಣೆಯ ತೇವವು ಹನಿಗಟ್ಟುತ್ತದೆ. ಹೊರಗಿರುವಾಗಲೇ ಕ್ಯಾಮರಾವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಒಳಗೆ ತಂದ ಮೇಲೆ ಅದು ಕೋಣೆಯಷ್ಟೇ ಬೆಚ್ಚಗಾಗುವವರೆಗೆ ತೆರೆಯದಿರಬೇಕು. ಬ್ಯಾಟರಿಯು ಚಳಿಯಲ್ಲಿ ಬೇಗ ಸೋಲುತ್ತದೆ. ಒಳಜೇಬಿನಲ್ಲಿ ಮೈಶಾಖಕ್ಕಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ.

ಹಾರುವ ಹಿಂಡಿಗೆ ಸೆಕೆಂಡಿನ ೨೦೦೦ದಲ್ಲಿ ಒಂದು ಭಾಗದಷ್ಟು ವೇಗವಿದ್ದರೆ ಪ್ರತಿಯೊಂದು ರೆಕ್ಕೆಯೂ ಸ್ತಬ್ಧವಾಗಿ ನಿಲ್ಲುತ್ತದೆ. ಆದರೆ ಸಾವಿರ ಹಕ್ಕಿಗಳು ಗೋಡೆಗೆ ಅಂಟಿಸಿದಂತೆ ನಿಂತಿರುವ ಚಿತ್ರವು ಕಂಡ ಅನುಭವಕ್ಕೆ ಅಷ್ಟು ನಿಷ್ಠವಾದುದಲ್ಲವೆಂದು ನಮ್ಮ ಅಭಿಪ್ರಾಯ. ಮೋಡ ಕವಿದ ದಿನ, ವೇಗವು ಹೇಗೂ ಸಾಲದಿರುವಾಗ, ೩೦ರಲ್ಲಿ ಒಂದು ಭಾಗಕ್ಕೆ ಇಳಿಸಿ ಹಿಂಡಿನೊಡನೆ ಕ್ಯಾಮರಾವನ್ನು ತಿರುಗಿಸಿದರೆ ರೆಕ್ಕೆಗಳು ಗೆರೆಗಳಾಗಿ, ಹಿಂಡು ಒಂದೇ ದೇಹದಂತೆ ಹೊರಳುವುದು ಮೂಡುತ್ತದೆ. ಹತ್ತರಲ್ಲಿ ಒಂಬತ್ತು ಕೆಡುವುವು. ಉಳಿದ ಒಂದಕ್ಕಾಗಿ ಅವುಗಳನ್ನು ಕಳೆದುಕೊಳ್ಳಬಹುದು. ಇಂದಿನ ಯಂತ್ರಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಹಿಡಿದುಕೊಳ್ಳುತ್ತವೆ, ಸದ್ದಿಲ್ಲದೆ ಕೆಲಸಮಾಡುತ್ತವೆ. ಇವೆರಡೂ ದೊಡ್ಡ ಉಪಕಾರಗಳೇ. ಆದರೆ ಯಂತ್ರವು ಸೆಕೆಂಡಿಗೆ ಇಪ್ಪತ್ತು ಚಿತ್ರಗಳನ್ನು ತೆಗೆದರೂ ಅವುಗಳಲ್ಲಿ ಯಾವುದನ್ನು ಉಳಿಸಬೇಕೆಂದು ಅದು ಹೇಳದು. ತಲೆಯು ನೋಡುವವನ ಕಡೆಗೆ ತುಸು ತಿರುಗಿರುವುದು, ಎತ್ತಿದ ಕಾಲು, ಕೊಕ್ಕಿನ ತುದಿಯ ಹುಳು, ಹಿಂದಿನ ಅಲೆಯ ಮಡಿಕೆ — ಆಯ್ಕೆಯು ಇಂಥವುಗಳಲ್ಲಿದೆ. ಎರಡು ಹಕ್ಕಿಗಳು ಒಂದನ್ನೊಂದು ಮರೆಮಾಡಿದ ಚಿತ್ರವನ್ನು ಬಿಡತಕ್ಕದ್ದು. ಒಂದನ್ನು ಅಳಿಸಿ ಹಾಕುವುದಾಗಲಿ, ಇಲ್ಲದ್ದನ್ನು ಸೇರಿಸುವುದಾಗಲಿ ಸಲ್ಲದು. ಪಾಠಾಂತರಗಳನ್ನು ಶೋಧಿಸಬಲ್ಲ ನಮ್ಮ ವಾಚಕರಿಗೆ ಪ್ರಕ್ಷೇಪವೆಂದರೇನೆಂಬುದನ್ನು ವಿವರಿಸಬೇಕಾದ್ದಿಲ್ಲ.

ನಮ್ಮ ಕರಾವಳಿಯಲ್ಲಿ ಹಿಮವಿಲ್ಲ. ವಾಷಿನ ನಾಟ್‌ಗಳೂ ಇಲ್ಲಿಗೆ ಬರುವುದಿಲ್ಲ. ಆದರೆ ಸ್ಯಾಂಡರ್ಲಿಂಗ್ ಮೊದಲಾದ ಹಲವು ಜಾತಿಗಳು ಉತ್ತರದ ಚಳಿಯಿಂದ ತಪ್ಪಿಸಿಕೊಂಡು ಇಲ್ಲಿಯ ಮರಳಿನ ಮೇಲೆ ಆ ತಿಂಗಳುಗಳನ್ನು ಕಳೆಯುತ್ತವೆ. ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆ ಇಂಥ ಹಕ್ಕಿಗಳ ದೊಡ್ಡ ಆಶ್ರಯಗಳಲ್ಲೊಂದು. ಇಲ್ಲಿ ಅವುಗಳಿಗೆ ಬೇಕಾದ್ದು ಚಳಿಯ ವಿರುದ್ಧ ಶಾಖವಲ್ಲ, ಮಾರ್ಚಿ ಏಪ್ರಿಲುಗಳ ಮರುಪ್ರಯಾಣಕ್ಕೆ ಕೊಬ್ಬು. ಮೇವಿನ ಹೊತ್ತಿನ ಬೆಲೆಯೇನೂ ಅದರಿಂದ ಕಡಿಮೆಯಾಗುವುದಿಲ್ಲ. ಕಾರವಾರದ ಕಡೆಯಲ್ಲಿ ಉಬ್ಬರವಿಳಿತಗಳ ಅಂತರವು ಎರಡು ಮೀಟರಿನ ಸುತ್ತಮುತ್ತ ಮಾತ್ರವಾದ್ದರಿಂದ ತೆರೆದುಕೊಳ್ಳುವ ಬಯಲು ಕಿರಿದು. ಹಕ್ಕಿಗಳೂ ಮೀನುಗಾರರೂ ಚಿಪ್ಪನ್ನು ಆಯುವವರೂ ಅದನ್ನೇ ಹಂಚಿಕೊಳ್ಳಬೇಕು. ಹೊಸಬನೊಬ್ಬನು ಹಕ್ಕಿಗಳ ಹಿಂದೆ ಓಡುವುದಕ್ಕೆ ಬದಲು, ಅವುಗಳಿಗೆ ಈಗಾಗಲೇ ಪರಿಚಿತರಾಗಿರುವ ಆ ಜನರ ಬಳಿ ಕುಳಿತು ನೀರಿಗಾಗಿ ಕಾಯುವುದು ಉತ್ತಮ. ಸರ್ವೆ ಆಫ್ ಇಂಡಿಯಾ ಇಲಾಖೆಯು ವರ್ಷವರ್ಷವೂ ಪ್ರಕಟಿಸುವ ಪಟ್ಟಿಯಲ್ಲಿ ಉಬ್ಬರದ ಹೊತ್ತುಗಳು ದೊರೆಯುತ್ತವೆ. ಬೆಳಗಿನ ಏಳು ಎಂಟರ ಹೊತ್ತಿಗೆ ನೀರು ತುಂಬುವ ದಿನಗಳನ್ನು ಅದರಲ್ಲಿ ಮೊದಲೇ ಗುರುತುಮಾಡಿಟ್ಟುಕೊಂಡರೆ ಓರೆಬೆಳಕೂ ದಡಕ್ಕೆ ಬಂದ ಹಿಂಡೂ ಒಂದೇ ವೇಳೆಗೆ ಕೂಡಿಬರುವುವು.